ಕಾಡು ಮೌನವಾಗಿರಲಿಲ್ಲ

ಕೆನಡಾದ ಹಾಡು ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ನಾನು ಲಿಯೊನಾರ್ಡ್ ಕೋಹೆನ್ ಹೆಸರನ್ನಾಗಲಿ ಜೋನಿ ಮಿಚೆಲ್ ಹೆಸರನ್ನಾಗಲಿ ಹೇಳುವುದಿಲ್ಲ. ಇಂಗ್ಲಿಷ್ ಹಾಡಿನ ರುಚಿ ಹತ್ತಿದವರ ಕಿವಿಗೆ ಅವರು ಹೇಗೂ ಬಿದ್ದಿರುತ್ತಾರೆ. ನಾನು ಕಳಿಸುವುದು ವಿನಿಪೆಗ್ ಊರಿನ ‘ದಿ ವೀಕರ್‌ದ್ಯಾನ್ಸ್’ ತಂಡದ ‘ಒನ್ ಗ್ರೇಟ್ ಸಿಟಿ!’ ಎಂಬ ಪುಟ್ಟ ಹಾಡನ್ನು. ಅದು 2003ರ ‘ರಿಕನ್‌ಸ್ಟ್ರಕ್ಷನ್ ಸೈಟ್’ ಆಲ್ಬಮ್ಮಿನಲ್ಲಿದೆ. ಮೂರು ನಿಮಿಷದೊಳಗೆ ಮುಗಿಯುತ್ತದೆ. ಶೀರ್ಷಿಕೆ ಊರಿನ ಗಡಿಯ ಸ್ವಾಗತ ಫಲಕಗಳಲ್ಲಿದ್ದ ಘೋಷಣೆ. ಹಾಡಿನೊಳಗೆ ಮಾತ್ರ ಸಂಜೆ ಚಿಲ್ಲರೆ ಎಣಿಸಿ ಬಾಗಿಲು ಹಾಕುತ್ತಿರುವ ಅಗ್ಗದ ಅಂಗಡಿಯ ಗುಮಾಸ್ತರಿದ್ದಾರೆ, ತಡವಾಗಿ ಓಡುತ್ತಿರುವ ಬಸ್ಸು ಇದೆ, ತಿರುವಿನಲ್ಲಿ ಕೆಟ್ಟು ನಿಂತ ಕಾರಿದೆ, ಶಾಸನಸಭೆಯ ಗುಮ್ಮಟದ ಮೇಲೆ ನಿಂತು ಉತ್ತರದ ಬಡ ಕೇರಿ ಸಾಯುವುದನ್ನು ನೋಡುವ ಚಿನ್ನದ ಲೇಪದ ಪ್ರತಿಮೆಯಿದೆ. ಪ್ರತಿ ಚರಣವೂ ಈ ಊರೆಂದರೆ ತನಗಾಗದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಊರಿನ ಹೆಮ್ಮೆಯ ರಾಕ್ ತಂಡ ದಿ ಗೆಸ್ ಹೂ, 1996ರಲ್ಲಿ ಊರು ಬಿಟ್ಟು ಹೋದ ಹಾಕಿ ತಂಡ ಜೆಟ್ಸ್, ಎರಡಕ್ಕೂ ಬೈಗುಳ ತಪ್ಪಿದ್ದಲ್ಲ.

ಹೊರಗಿನವರಿಗೆ ಈ ಹೆಸರುಗಳು ಗೊತ್ತಿರುವುದಿಲ್ಲ. ಹಾಡು ಅವನ್ನು ವಿವರಿಸುವ ಗೋಜಿಗೆ ಹೋಗುವುದೂ ಇಲ್ಲ. ಹಾಗಿದ್ದೂ ಕೇಳಿದ ಪ್ರತಿಯೊಬ್ಬರೂ ತಮ್ಮ ಊರಿನ ಹೆಸರನ್ನು ಅಲ್ಲಿ ಹಾಕಿಕೊಂಡು ಹಾಡಿದ್ದನ್ನು ನಾನು ನೋಡಿದ್ದೇನೆ. ಇಂಗ್ಲಿಷ್ ಕೆನಡಾದ ಹಾಡುಪರಂಪರೆಯ ನಿಜವಾದ ಶಕ್ತಿ ಇದೇ ಎಂಬುದು ನನ್ನ ವಾದ. ತನ್ನ ಊರು, ತನ್ನ ಸರೋವರ, ತನ್ನ ಹೆದ್ದಾರಿ, ತನ್ನ ಹಾಕಿ ಆಟಗಾರನ ಹೆಸರನ್ನು ಅಡಿಟಿಪ್ಪಣಿಯಿಲ್ಲದೆ ಹಾಡುವ ಧೈರ್ಯ ಅದು. ಈ ಬಗೆಯನ್ನು ನಾನು ಸ್ಥಳದ ಹಾಡು ಎಂದು ಕರೆಯುತ್ತೇನೆ. ಅದರ ಕೊರತೆಯೂ ಇಲ್ಲಿಯೇ ಇದೆ: ಬಹುಕಾಲ ಆ ಹಾಡುಗಳ ನಕಾಶೆಯಲ್ಲಿ ಅರ್ಧ ದೇಶ ಖಾಲಿಯಾಗಿತ್ತು. ಇವತ್ತು ಆ ಖಾಲಿ ಜಾಗಗಳಿಂದ ಹಾಡುತ್ತಿರುವವರನ್ನು ಕೇಳದೆ ಈ ಪರಂಪರೆಯ ಬೆಲೆ ಕಟ್ಟಲಾಗದು.

ವೀಕರ್‌ದ್ಯಾನ್ಸ್ ತಂಡದ ಹಾಡುಗಾರ ಜಾನ್ ಕೆ. ಸ್ಯಾಮ್ಸನ್. ಅವರ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಅದೇ ಆಲ್ಬಮ್ಮಿನಲ್ಲಿ ವಿರ್ಟೂಟೆ ಎಂಬ ಬೆಕ್ಕು ಹಾಡುತ್ತದೆ; ಹೆಸರು ವಿನಿಪೆಗ್ ನಗರದ ಲ್ಯಾಟಿನ್ ಧ್ಯೇಯವಾಕ್ಯದಿಂದ ಬಂದದ್ದು. ಖಿನ್ನತೆಯಲ್ಲಿ ಮುಳುಗಿರುವ ತನ್ನ ಒಡೆಯನನ್ನು ಬೆಕ್ಕು ಗದರಿಸುತ್ತದೆ. ನಾಲ್ಕು ಜನರನ್ನು ಮನೆಗೆ ಕರೆ, ಹೀಗೆ ಬಿದ್ದುಕೊಂಡಿರಬೇಡ ಎನ್ನುತ್ತದೆ. 2007ರ ‘ರಿಯೂನಿಯನ್ ಟೂರ್’ನಲ್ಲಿ ಅದೇ ಬೆಕ್ಕು ಮನೆ ಬಿಟ್ಟು ಹೊರಟಿದೆ. ಚಳಿಯಲ್ಲಿ ಅಲೆಯುತ್ತ, ಅವನು ತನ್ನನ್ನು ಕರೆಯುತ್ತಿದ್ದ ದನಿಯನ್ನು ನೆನಪಿಸಿಕೊಳ್ಳಲು ಹೆಣಗುತ್ತದೆ. 2016ರಲ್ಲಿ ಸ್ಯಾಮ್ಸನ್ ತಮ್ಮೊಬ್ಬರದೇ ಹೆಸರಿನಲ್ಲಿ ತಂದ ‘ವಿಂಟರ್ ವೀಟ್’ ಆಲ್ಬಮ್ಮಿನ ಕೊನೆಯ ಹಾಡಿಗೆ ಅದು ಮರಳುತ್ತದೆ, ಚಟದಿಂದ ಹೊರಬರುತ್ತಿರುವ ಆ ಮನುಷ್ಯನ ಒಳಗಿನ ದನಿಯಾಗಿ. ಮೂರು ಹಾಡು, ಹದಿಮೂರು ವರ್ಷ. ಎರಡನೆಯದನ್ನು ಬೇರೆಯವರ ಎದುರಿಗೆ ಕೇಳುವುದು ನನಗೆ ಇವತ್ತಿಗೂ ಕಷ್ಟ. ಒಂದು ಬೆಕ್ಕಿನ ಬಾಯಲ್ಲಿ ಇಷ್ಟು ದುಃಖ ಇಡಬಹುದು, ಅದು ಭಾವಾತಿರೇಕವಾಗದ ಹಾಗೆ ಇಡಬಹುದು ಎಂಬುದಕ್ಕೆ ಈ ಮೂರು ಹಾಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇದೇ ಸ್ಯಾಮ್ಸನ್ 2012ರ ‘ಪ್ರೊವಿನ್ಶಿಯಲ್’ ಆಲ್ಬಮ್ಮಿನಲ್ಲಿ ಒಂದು ಅರ್ಜಿಯನ್ನೇ ಹಾಡಾಗಿಸಿದ್ದಾರೆ. ಮ್ಯಾನಿಟೋಬಾದ ರಿವರ್ಟನ್ ಎಂಬ ಪುಟ್ಟ ಊರಿನ ಮೂಲನಿವಾಸಿ ಹಾಕಿ ಆಟಗಾರ ರೆಜಿ ಲೀಚ್ ಅವರನ್ನು ಹಾಕಿಯ ಗೌರವಪಟ್ಟಿಗೆ ಸೇರಿಸಬೇಕೆಂಬ ಆನ್‌ಲೈನ್ ಮನವಿ ಅದು. ಮನವಿಯ ಜಾಲವಿಳಾಸವೇ ಹಾಡಿನ ಶೀರ್ಷಿಕೆ. ಕೇಳುಗ ಸಹಿ ಹಾಕಲಿ ಎಂಬುದೇ ಅದರ ಆಸೆ. ಸ್ಥಳದ ಹಾಡು ಇಷ್ಟು ನೇರವಾಗಿಯೂ ಕೆಲಸಕ್ಕೆ ಇಳಿಯಬಲ್ಲದು. ಸಾರಾ ಹಾರ್ಮರ್ ಹೀಗೆಯೇ ತಾವು ಬೆಳೆದ ಬರ್ಲಿಂಗ್ಟನ್ ಬಳಿಯ ನಯಾಗರ ದಿಣ್ಣೆಸಾಲಿನ ಜಲ್ಲಿಕಲ್ಲು ಗಣಿಯ ವಿರುದ್ಧ ‘ಎಸ್ಕಾರ್ಪ್‌ಮೆಂಟ್ ಬ್ಲೂಸ್’ ಬರೆದರು. ನೆರೆಹೊರೆಯವರ ಜೊತೆ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದರು. ಗಣಿಯ ಅರ್ಜಿ 2012ರಲ್ಲಿ ತಿರಸ್ಕೃತವಾಯಿತು.

ಈ ಧೈರ್ಯ ತಾನಾಗಿ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಕೆನಡಾದ ಪ್ರತಿಭಾವಂತ ಹಾಡುಗಾರರ ಮುಂದೆ ಇದ್ದ ದಾರಿ ದಕ್ಷಿಣಕ್ಕೆ ಹೋಗುವುದು. ನೀಲ್ ಯಂಗ್ 1966ರಲ್ಲಿ ಹಳೆಯ ಶವವಾಹನವೊಂದನ್ನು ಓಡಿಸಿಕೊಂಡು ಲಾಸ್ ಏಂಜಲೀಸ್ ಸೇರಿದರು. ಸಸ್ಕಟೂನ್‌ನಲ್ಲಿ ಬೆಳೆದ ಜೋನಿ ಮಿಚೆಲ್ ಕ್ಯಾಲಿಫೋರ್ನಿಯಾದಲ್ಲಿ ಕೂತು, ಹೆಪ್ಪುಗಟ್ಟಿದ ನದಿಯೊಂದು ಇದ್ದಿದ್ದರೆ ಎಂದು ಹಂಬಲಿಸಿದರು. ‘ದಿ ಬ್ಯಾಂಡ್’ ತಂಡದ ಐವರಲ್ಲಿ ನಾಲ್ವರು ಕೆನಡಾದವರು, ಅವರು ಹಾಡಿದ್ದು ಅಮೆರಿಕದ ದಕ್ಷಿಣ ಸೀಮೆಯ ಕಥೆಗಳನ್ನು. ಒಮೆಮಿ ಎಂಬ ಹಳ್ಳಿಯಲ್ಲಿ ಬಾಲ್ಯ ಕಳೆದ ಯಂಗ್ 1970ರ ‘ಹೆಲ್ಪ್‌ಲೆಸ್’ನಲ್ಲಿ ಊರನ್ನು ನೆನೆಯುತ್ತಾರೆ, ಆದರೆ ಅದರ ಹೆಸರನ್ನು ಹೇಳುವುದಿಲ್ಲ. ಅದ್ಭುತವಾದ ಹಾಡು. ಆದರೂ ಆ ಹೆಸರಿಲ್ಲದ ಊರಿನಲ್ಲಿ ಒಂದು ತಲೆಮಾರಿನ ಸಂಕೋಚ ನನಗೆ ಕೇಳಿಸುತ್ತದೆ: ಒಮೆಮಿ ಎಂದರೆ ಯಾರಿಗೆ ಗೊತ್ತು ಎಂಬ ಸಂಕೋಚ.

1971ರ ಜನವರಿಯಲ್ಲಿ ಪ್ರಸಾರ ನಿಯಂತ್ರಣ ಆಯೋಗ ಒಂದು ನಿಯಮ ಜಾರಿಗೆ ತಂದಿತು. ಎಎಂ ರೇಡಿಯೊಗಳು ಹಾಕುವ ಹಾಡುಗಳಲ್ಲಿ ನೂರಕ್ಕೆ 30 ಕೆನಡಾದವು ಇರಲೇಬೇಕು. ಮುಂದೆ ಅದು ನೂರಕ್ಕೆ 35 ಆಯಿತು. ಫ್ರೆಂಚ್ ಕೇಂದ್ರಗಳು ಹಾಕುವ ಹಾಡುಗಳಲ್ಲಿ ನೂರಕ್ಕೆ 65 ಫ್ರೆಂಚಿನವೇ ಆಗಿರಬೇಕೆಂಬ ಕಟ್ಟಳೆ ಬೇರೆ. ಸಂಗೀತ, ಹಾಡುಗಾರ, ಧ್ವನಿಮುದ್ರಣ, ಸಾಹಿತ್ಯ ಎಂಬ ನಾಲ್ಕರಲ್ಲಿ ಎರಡಾದರೂ ಕೆನಡಾದ್ದಾದರೆ ಹಾಡು ಕೆನಡಾದ್ದು. ಈ ಅಳತೆ ಕೆಲವೊಮ್ಮೆ ವಿಚಿತ್ರ ಫಲ ಕೊಟ್ಟಿತು. 1991ರಲ್ಲಿ ಬ್ರಯನ್ ಆಡಮ್ಸ್ ವಿದೇಶಿ ನಿರ್ಮಾಪಕರ ಜೊತೆಗೂಡಿ ಬರೆದ ಆಲ್ಬಂ ಕೆನಡಾದ್ದಲ್ಲ ಎಂದಾಯಿತು, ಗಲಾಟೆಯಾಗಿ ನಿಯಮವನ್ನೇ ಸಡಿಲಿಸಬೇಕಾಯಿತು. ಒಲ್ಲದ ಮನಸ್ಸಿನ ಕೇಂದ್ರಗಳು ದೇಶದ ಹಾಡುಗಳನ್ನೆಲ್ಲ ಕೇಳುಗರಿಲ್ಲದ ಹೊತ್ತಿಗೆ ತುರುಕಿ ಲೆಕ್ಕ ಒಪ್ಪಿಸಿದ್ದೂ ಉಂಟು. ಪಾಲು ತುಂಬಲು ಸಾಧಾರಣ ಹಾಡುಗಳು ಬೇಕಾದಷ್ಟು ಮೆರೆದವು. ಇಷ್ಟೆಲ್ಲ ಒಪ್ಪಿಕೊಂಡೂ ನಾನು ಆ ನಿಯಮದ ಪರ. ಬೆಂಗಳೂರಿನ ಎಫ್‌ಎಂಗಳಲ್ಲಿ ಕನ್ನಡದ ಹಾಡು ಎಷ್ಟಿರಬೇಕು ಎಂಬ ಜಗಳವನ್ನು ಕಂಡ ನಮಗೆ ಇದು ಬೇಗ ಅರ್ಥವಾಗಬೇಕು. ಗಡಿಯಾಚೆ ಹತ್ತು ಪಟ್ಟು ದೊಡ್ಡ ಮಾರುಕಟ್ಟೆ ಅದೇ ಭಾಷೆಯಲ್ಲಿ ಹಾಡುತ್ತಿರುವಾಗ, ಊರಿನವರಿಗಾಗಿಯೇ ಹಾಡಿ ಊಟ ಸಂಪಾದಿಸಬಹುದು ಎಂಬ ಭರವಸೆಯನ್ನು ಮಾರುಕಟ್ಟೆ ಕೊಡುತ್ತಿರಲಿಲ್ಲ. ಆ ಭರವಸೆ ಸಿಕ್ಕಿದ ಮೇಲೆ ಹಾಡಿನಲ್ಲಿ ಊರಿನ ಹೆಸರು ಬಂತು.

ಅದರ ದೊಡ್ಡ ಫಲ ‘ದಿ ಟ್ರಾಜಿಕಲಿ ಹಿಪ್’. ಓಂಟಾರಿಯೊದ ಕಿಂಗ್‌ಸ್ಟನ್‌ನ ಈ ಐವರು ತಮ್ಮ ದೇಶದಲ್ಲಿ ಹಾಕಿ ಕ್ರೀಡಾಂಗಣ ತುಂಬಿಸುತ್ತಿದ್ದಾಗ ಅಮೆರಿಕದಲ್ಲಿ ಸಣ್ಣ ಸಭಾಂಗಣಗಳಲ್ಲಿ ಹಾಡುತ್ತಿದ್ದರು. 1992ರ ‘ಫುಲ್ಲಿ ಕಂಪ್ಲೀಟ್ಲಿ’ ಆಲ್ಬಮ್ಮಿನ ಎರಡು ಹಾಡು ನೋಡಿ. ‘ಫಿಫ್ಟಿ ಮಿಷನ್ ಕ್ಯಾಪ್’ ಬಿಲ್ ಬರಿಲ್ಕೊ ಎಂಬ ಆಟಗಾರನದು. ಆತ 1951ರಲ್ಲಿ ಟೊರಾಂಟೊ ತಂಡಕ್ಕೆ ಸ್ಟಾನ್ಲಿ ಕಪ್ ಗೆದ್ದುಕೊಟ್ಟ ಗೋಲು ಹೊಡೆದು, ಅದೇ ಬೇಸಿಗೆಯಲ್ಲಿ ಮೀನು ಹಿಡಿಯಲು ಹೋಗಿ ಪುಟ್ಟ ವಿಮಾನದೊಡನೆ ಕಾಣೆಯಾದ. ತಂಡ ಮತ್ತೆ ಕಪ್ ಗೆದ್ದದ್ದು 1962ರಲ್ಲಿ. ಅವಶೇಷ ಪತ್ತೆಯಾದದ್ದೂ ಅದೇ ವರ್ಷ. ‘ವೀಟ್ ಕಿಂಗ್ಸ್’ ಡೇವಿಡ್ ಮಿಲ್ಗಾರ್ಡ್ ಎಂಬವರ ನೆನಪಿನ ಹಾಡು. ಸಸ್ಕಟೂನ್‌ನಲ್ಲಿ 1969ರಲ್ಲಿ ನಡೆದ ಕೊಲೆಗೆ ತಪ್ಪಾಗಿ ಶಿಕ್ಷೆಯಾಗಿ, ಎರಡು ದಶಕಕ್ಕೂ ಹೆಚ್ಚು ಜೈಲಿನಲ್ಲಿದ್ದು 1992ರಲ್ಲಿ ಹೊರಬಂದವರು ಅವರು. ಅದು ಮೆಲ್ಲಗೆ, ಶಿಬಿರದ ಬೆಂಕಿಯ ಸುತ್ತ ಕೂತು ಹಾಡುವಂಥ ಧಾಟಿಯಲ್ಲಿದೆ. ಜನ ಇವತ್ತಿಗೂ ರಜೆಯ ಗುಡಿಸಲುಗಳಲ್ಲಿ ಅದನ್ನು ಹಾಗೆಯೇ ಹಾಡುತ್ತಾರೆ. ಮಧುರ ಧಾಟಿಯೊಳಗೆ ಒಂದು ರಾಜ್ಯದ ನ್ಯಾಯವ್ಯವಸ್ಥೆಯ ನಾಚಿಕೆಗೇಡನ್ನು ಇಟ್ಟು ದಾಟಿಸಿದ್ದು ಆ ತಂಡದ ಹಾಡುಗಾರ ಗಾರ್ಡ್ ಡೌನಿ ಅವರ ಹೆಚ್ಚುಗಾರಿಕೆ.

ಡೌನಿ ಅವರಿಗೆ ಗುಣವಾಗದ ಮಿದುಳಿನ ಕ್ಯಾನ್ಸರ್ ಎಂದು ತಿಳಿದ ಮೇಲೆ ತಂಡ ಕೊನೆಯ ಸುತ್ತು ಪ್ರವಾಸ ಮಾಡಿತು. 2016ರ ಆಗಸ್ಟ್ 20ರಂದು ಕಿಂಗ್‌ಸ್ಟನ್‌ನಲ್ಲಿ ನಡೆದ ಕಡೆಯ ಕಛೇರಿಯನ್ನು ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿ ಜಾಹೀರಾತಿಲ್ಲದೆ ನೇರವಾಗಿ ತೋರಿಸಿತು. ಸುಮಾರು 1 ಕೋಟಿ 17 ಲಕ್ಷ ಜನ, ಅಂದರೆ ದೇಶದ ಮೂವರಲ್ಲಿ ಒಬ್ಬರು ನೋಡಿದರು. ಪ್ರಧಾನಿ ಸಭಿಕರ ನಡುವೆ ಇದ್ದರು. ಡೌನಿ ವೇದಿಕೆಯಿಂದ ಅವರನ್ನು ಹೆಸರಿಸಿ, ಉತ್ತರದ ಮೂಲನಿವಾಸಿಗಳ ಕಡೆಗೆ ತಿರುಗಿ ನೋಡುವ ಕಾಲ ಬಂದಿದೆ ಎಂಬರ್ಥದ ಮಾತಾಡಿದರು. ಬದುಕಿಡೀ ಆ ಕಡೆ ನೋಡದಂತೆ ನಮ್ಮನ್ನೆಲ್ಲ ಪಳಗಿಸಲಾಗಿತ್ತು ಎಂದರು. ಈ ಪರಂಪರೆ ತನ್ನ ಶಿಖರದಲ್ಲಿ ನಿಂತು ತನ್ನ ಕೊರತೆಯನ್ನು ಹೇಳಿಕೊಂಡ ಗಳಿಗೆ ಅದು.

ಕೊರತೆ ಎಷ್ಟು ಹಳೆಯದು ಎಂದು ತಿಳಿಯಬೇಕಾದರೆ 1967ಕ್ಕೆ ಹೋಗಬೇಕು. ದೇಶಕ್ಕೆ ನೂರು ತುಂಬಿದ ಆ ವರ್ಷದ ಮೊದಲ ದಿನದ ಕಾರ್ಯಕ್ರಮಕ್ಕೆಂದು ಸಿಬಿಸಿ ಗಾರ್ಡನ್ ಲೈಟ್‌ಫುಟ್ ಅವರಿಂದ ಹಾಡು ಬರೆಸಿತು. ‘ಕೆನಡಿಯನ್ ರೈಲ್‌ರೋಡ್ ಟ್ರಿಲಜಿ’ ಆರು ನಿಮಿಷ ಮೀರಿದ, ಮೂರು ಗತಿಗಳಲ್ಲಿ ಸಾಗುವ ಕಟ್ಟು. ರೈಲುಹಳಿ ಹಾಕಿದ ಕೂಲಿಗಳ ಬೆವರನ್ನೂ ಸಾವನ್ನೂ ಅದು ಮರೆಯುವುದಿಲ್ಲ. ಆ ಮಟ್ಟಿಗೆ ರಾಷ್ಟ್ರೋತ್ಸವದ ಹಾಡುಗಳಲ್ಲಿ ಅದು ಅಪರೂಪದ್ದು. ಆದರೆ ಅದು ಶುರುವಾಗುವುದು ಬಿಳಿಯರು ಬರುವ ಮೊದಲು ಕಾಡು ನಂಬಲಾರದಷ್ಟು ಮೌನವಾಗಿತ್ತು ಎಂಬ ಚಿತ್ರದಿಂದ. 1981ರಲ್ಲಿ ಸ್ಟ್ಯಾನ್ ರಾಜರ್ಸ್ ಹಾಡಿದ ‘ನಾರ್ತ್‌ವೆಸ್ಟ್ ಪ್ಯಾಸೇಜ್’ ವಾದ್ಯವಿಲ್ಲದೆ ಗಂಡುಕೊರಳುಗಳು ಕೂಡಿ ಹಾಡುವ ಮೈ ಜುಮ್ಮೆನ್ನಿಸುವ ಹಾಡು. ಉತ್ತರ ಧ್ರುವದ ಕಡಲಹಾದಿ ಹುಡುಕಿ ಹಡಗುಗಳ ಸಮೇತ ಕಾಣೆಯಾದ ಫ್ರಾಂಕ್ಲಿನ್ ಅದರ ನಾಯಕ. ದಾರಿಯುದ್ದಕ್ಕೂ ಅನ್ವೇಷಕರ ಹೆಸರುಗಳಿವೆ, ಅಲ್ಲಿ ಮೊದಲೇ ಮನೆ ಮಾಡಿಕೊಂಡಿದ್ದ ಇನುಯಿಟ್ ಜನರಿಲ್ಲ. ಫ್ರಾಂಕ್ಲಿನ್‌ನ ಎರಡು ಹಡಗು ಕೊನೆಗೆ ಸಿಕ್ಕಿದ್ದು 2014ರಲ್ಲಿ ಮತ್ತು 2016ರಲ್ಲಿ. ಸಿಗಲು ನೆರವಾದದ್ದು ಇನುಯಿಟ್ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು, ಅವರು ಕಣ್ಣಾರೆ ಕಂಡ ಗುರುತು.

ಲೈಟ್‌ಫುಟ್ ಒಳ್ಳೆಯ ಮನಸ್ಸಿನ ಕುಶಲಿ. ಸುಪೀರಿಯರ್ ಸರೋವರದಲ್ಲಿ 1975ರ ನವೆಂಬರ್ 10ರಂದು 29 ಮಂದಿಯೊಡನೆ ಮುಳುಗಿದ ಹಡಗಿನ ಮೇಲೆ ಅವರು ಕಟ್ಟಿದ ಹಾಡು ಎಷ್ಟು ಹೊಣೆಯರಿತದ್ದೆಂದರೆ, ದುರಂತಕ್ಕೆ ಸಿಬ್ಬಂದಿಯ ತಪ್ಪು ಕಾರಣವಲ್ಲ ಎಂಬ ತನಿಖೆ ಮುಂದೆ ಬಂದಾಗ, ಎಷ್ಟೋ ವರ್ಷದ ಬಳಿಕ, ಅವರ ಮೇಲೆ ತಪ್ಪು ಹೊರಿಸುವಂತಿದ್ದ ಸಾಲನ್ನೇ ವೇದಿಕೆಯಲ್ಲಿ ಹಾಡುವಾಗ ಬದಲಿಸಿದರು. ಸತ್ತವರ ಮನೆಯವರಿಗೆ ಇಷ್ಟು ನಿಷ್ಠರಾದ ಕವಿಗೂ ಕಾಡು ಮೌನವಾಗಿತ್ತು ಎನ್ನಿಸಿತಲ್ಲ, ಏಕೆ? ಮೌನ ಮಾಡಿಸಿದವರು ಇದ್ದರು. ಮೂಲನಿವಾಸಿಗಳ ಪಾಟ್ಲಾಚ್‌ನಂಥ ಆಚರಣೆಗಳನ್ನು 1880ರ ದಶಕದಿಂದ 1951ರವರೆಗೆ ಕಾನೂನೇ ನಿಷೇಧಿಸಿತ್ತು. ಒಂದೂವರೆ ಲಕ್ಷದಷ್ಟು ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತು ಚರ್ಚುಗಳು ನಡೆಸುತ್ತಿದ್ದ ವಸತಿ ಶಾಲೆಗಳಿಗೆ ಹಾಕಿದ್ದರು. ಅಲ್ಲಿ ತಾಯ್ನುಡಿ ಆಡಿದರೆ ಪೆಟ್ಟು. ಲೈಟ್‌ಫುಟ್ ಆ ಹಾಡು ಹಾಡುವುದಕ್ಕೆ ಎರಡೂವರೆ ತಿಂಗಳ ಹಿಂದೆ, 1966ರ ಅಕ್ಟೋಬರ್‌ನಲ್ಲಿ, ಅಂಥ ಶಾಲೆಯೊಂದರಿಂದ ತಪ್ಪಿಸಿಕೊಂಡ ಚಾನಿ ವೆಂಜಾಕ್ ಎಂಬ ಹನ್ನೆರಡರ ಹುಡುಗ ಸುಮಾರು 600 ಕಿಲೋಮೀಟರ್ ದೂರದ ಮನೆಗೆ ನಡೆಯುತ್ತ ಹೊರಟು ಚಳಿಯಲ್ಲಿ ಸತ್ತಿದ್ದ. ಸತ್ತದ್ದು ರೈಲುಹಳಿಯ ಪಕ್ಕದಲ್ಲಿ. ಡೌನಿ ತಮ್ಮ ಕಡೆಯ ದಿನಗಳಲ್ಲಿ ಆ ಹುಡುಗನ ಕಥೆಯನ್ನೇ ‘ಸೀಕ್ರೆಟ್ ಪಾತ್’ ಎಂಬ ಹತ್ತು ಹಾಡುಗಳ ಆಲ್ಬಂ ಆಗಿ ಹೊರತಂದರು. ಮನಸ್ಸು ಕಲಕುವ ಕೃತಿ. ಆದರೆ ಅದರ ಎಲ್ಲೆಯನ್ನೂ ಹೇಳಬೇಕು: ಅಲ್ಲಿ ಚಾನಿಯ ಚಳಿ, ಭಯ, ಒಂಟಿತನ ಇವೆ, ಅವನ ಭಾಷೆ, ಅವನ ಮನೆಯ ಹಾಡು ಇಲ್ಲ. ಡೌನಿ ಅದನ್ನು ತರಲಾರರು. ಅದು ಅವರ ಬಳಿ ಇರಲಿಲ್ಲ.

ಅದು ಯಾರ ಬಳಿ ಇತ್ತೋ ಅವರ ಹಾಡಿಗೆ ಬರುವ ಮುನ್ನ, ನಡುವೆ ಹಾದುಹೋದ ಒಂದು ಅಲೆಯ ಬಗ್ಗೆ ಒಂದು ಮಾತು. ಈ ಶತಮಾನದ ಆರಂಭದಲ್ಲಿ ಹೊರಜಗತ್ತು ಕೆನಡಾದ ಹೊಸ ಹಾಡು ಎಂದು ಗುರುತಿಸಿದ್ದು ಮಾಂಟ್ರಿಯಲ್ ಮತ್ತು ಟೊರಾಂಟೊಗಳ ಸ್ವತಂತ್ರ ತಂಡಗಳನ್ನು. 1995ರ ಜನಮತಗಣನೆಯಲ್ಲಿ ಕ್ವಿಬೆಕ್ ಬೇರೆಯಾಗುವುದು ಕೂದಲೆಳೆಯಲ್ಲಿ ತಪ್ಪಿತು. ಅನಿಶ್ಚಯದ ಆ ಕಾಲದಲ್ಲಿ ಮಾಂಟ್ರಿಯಲ್‌ನ ಬಾಡಿಗೆ ಅಗ್ಗವಾಗಿತ್ತು, ಖಾಲಿ ಗೋದಾಮುಗಳಿದ್ದವು, ಸಂಗೀತಗಾರರು ಸೇರಿದರು. ‘ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್’ನ ಇಪ್ಪತ್ತು ನಿಮಿಷದ ವಾದ್ಯ ಅಲೆಗಳು, ‘ಆರ್ಕೇಡ್ ಫೈರ್’ನ 2004ರ ‘ಫ್ಯೂನರಲ್’, ಟೊರಾಂಟೊದ ‘ಬ್ರೋಕನ್ ಸೋಶಿಯಲ್ ಸೀನ್’ ಎಂಬ ದೊಡ್ಡ ಬಳಗ, ಅದರಿಂದ ಹೊರಬಂದ ಫೈಸ್ಟ್. ಸದ್ದಿನ ಶ್ರೀಮಂತಿಕೆಯಲ್ಲಿ ಇವರಿಗೆ ಸಾಟಿಯಿಲ್ಲ. ಆದರೆ ಹೊರದೇಶದ ಪತ್ರಿಕೆಗಳು ಹೊಗಳಿದಷ್ಟು ನನ್ನ ಮನಸ್ಸಿನಲ್ಲಿ ಅವು ನಿಂತಿಲ್ಲ. ಅವುಗಳಲ್ಲಿ ಹೆಚ್ಚಿನವು ಯಾವ ಊರಿನಿಂದ ಬೇಕಾದರೂ ಬರಬಹುದಿತ್ತು. ಆ ಪೀಳಿಗೆಯಿಂದ ನಾನು ಹೆಚ್ಚು ಹಂಚುವುದು ‘ದಿ ವೆದರ್ ಸ್ಟೇಷನ್’ ಹೆಸರಿನಲ್ಲಿ ಹಾಡುವ ಟಮಾರಾ ಲಿಂಡೆಮನ್ ಅವರನ್ನು. 2021ರ ‘ಇಗ್ನೊರೆನ್ಸ್’ ಆಲ್ಬಮ್ಮಿನ ‘ಪಾರ್ಕಿಂಗ್ ಲಾಟ್’ನಲ್ಲಿ ಅವರು ಕಛೇರಿಗೆ ಮುನ್ನ ಸಭಾಂಗಣದ ಹೊರಗೆ ನಿಂತು ಒಂದು ಸಣ್ಣ ಹಕ್ಕಿಯನ್ನು ನೋಡುತ್ತಾರೆ. ಆ ಹಕ್ಕಿಯ ಮೂಲಕ ಹವಾಮಾನದ ಬಿಕ್ಕಟ್ಟಿನ ದುಃಖ ಒಂದು ಘೋಷಣೆಯೂ ಇಲ್ಲದೆ ಬಂದು ಮುಟ್ಟುತ್ತದೆ.

ಫ್ರೆಂಚ್ ಕ್ವಿಬೆಕ್ ಇನ್ನೊಂದು ಲೋಕ. ‘ಲೆ ಕೌಬಾಯ್ ಫ್ರೆಂಗಾಂ’ ತಂಡದ ಹಾಡುಗಾರ ಕಾರ್ಲ್ ಟ್ರೆಂಬ್ಲೆ 2023ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅಲ್ಲಿನ ಸರ್ಕಾರವೇ ಗೌರವ ಸಮಾರಂಭ ಏರ್ಪಡಿಸಿತು, ಮಾಂಟ್ರಿಯಲ್‌ನ ಹಾಕಿ ಕ್ರೀಡಾಂಗಣ ತುಂಬಿ ಜನ ಅತ್ತರು. ಇಂಗ್ಲಿಷ್ ಪ್ರಾಂತ್ಯಗಳ ಬಹುಮಂದಿಗೆ ಅವರು ಯಾರೆಂದು ಅಂದು ಹೊಸದಾಗಿ ತಿಳಿಸಿಕೊಡಬೇಕಾಯಿತು. ಒಂದೇ ದೇಶದ ಎರಡು ಭಾಷೆಗಳು ಒಂದನ್ನೊಂದು ಇಷ್ಟು ಕಡಿಮೆ ಕೇಳಿಸಿಕೊಳ್ಳುವುದು ಈ ಪರಂಪರೆಯ ಇನ್ನೊಂದು ಬಿರುಕು.

ಈಗ ಮೂಲನಿವಾಸಿಗಳ ಹಾಡಿಗೆ ಬರೋಣ. ಫ್ರಾಂಕ್ಲಿನ್ ಹುಡುಕಿಕೊಂಡು ಹೋದ ಕಡಲಹಾದಿಯ ಮೇಲೆಯೇ ನುನಾವುಟ್‌ನ ಕೇಂಬ್ರಿಜ್ ಬೇ ಎಂಬ ಊರಿದೆ. ತಾನ್ಯಾ ಟಗಾಕ್ ಆ ಊರಿನವರು. ಇನುಯಿಟ್ ಕಂಠಗಾನ ಇಬ್ಬರು ಹೆಂಗಸರು ಎದುರುಬದುರು ನಿಂತು, ಉಸಿರಿಗೆ ಉಸಿರು ಹೆಣೆದು, ಮೊದಲು ನಕ್ಕವರೋ ಉಸಿರು ತಪ್ಪಿದವರೋ ಸೋತಂತೆ ಎಂದು ಆಡುವ ಆಟ. ಮಿಷನರಿಗಳು ಅದನ್ನು ಬಿಡಿಸಿದ್ದರು. ಟಗಾಕ್ ಹ್ಯಾಲಿಫ್ಯಾಕ್ಸ್‌ನಲ್ಲಿ ಚಿತ್ರಕಲೆ ಓದುತ್ತಿದ್ದಾಗ ತಾಯಿ ಕಳಿಸಿಕೊಟ್ಟ ಟೇಪುಗಳನ್ನು ಕೇಳಿ ಕಲಿತರು. ಎದುರು ನಿಲ್ಲಲು ಇನ್ನೊಬ್ಬರಿಲ್ಲದ ಕಾರಣ ಎರಡೂ ಕೊರಳನ್ನು ತಾವೇ ಹಾಡಿದರು. ಆ ಒಂಟಿತನದಿಂದ ಹೊಸ ಕಲೆಯೇ ಹುಟ್ಟಿತು. 2014ರ ‘ಆನಿಮಿಸಂ’ ಕೇಳಿ. ಗೊರಕೆ, ಗುಟುರು, ಏದುಸಿರು, ಎಳೆಗೂಸಿನ ದನಿ ಎಲ್ಲ ಒಂದೇ ಗಂಟಲಿನಿಂದ ಬರುತ್ತವೆ; ಪಿಟೀಲು ಡ್ರಮ್ಮುಗಳು ಅದರ ಸುತ್ತ ಗಾಳಿಯಂತೆ ಏಳುತ್ತವೆ. ಮಾರಾಟದ ಲೆಕ್ಕ ನೋಡದೆ ವರ್ಷದ ಒಳ್ಳೆಯ ಆಲ್ಬಂ ಆರಿಸುವ ಪೊಲಾರಿಸ್ ಪ್ರಶಸ್ತಿ ಆ ವರ್ಷ ಅದಕ್ಕೆ ಬಂತು. ಪ್ರಶಸ್ತಿಯ ಸಂಜೆ ಅವರು ಹಾಡುತ್ತಿದ್ದಷ್ಟು ಹೊತ್ತೂ ಹಿಂದಿನ ಪರದೆಯ ಮೇಲೆ ಕಾಣೆಯಾದ, ಕೊಲೆಯಾದ ಮೂಲನಿವಾಸಿ ಹೆಂಗಸರ ಹೆಸರುಗಳು ಸಾಗುತ್ತಲೇ ಇದ್ದವು. ಅರ್ಥವಾಗುವ ಪದಗಳು ವಿರಳವಾದರೂ ಅದು ಸ್ಥಳದ ಹಾಡೇ. ರಾಜರ್ಸ್ ದೂರದಿಂದ ವೀರಗಾಥೆಯಾಗಿ ಕಂಡ ಮಂಜಿಗೆ ಇಲ್ಲಿ ಮೈ ಇದೆ, ಉಸಿರಿದೆ.

ಜೆರಮಿ ಡಚರ್ ಅವರದು ಇದಕ್ಕೆ ಪೂರ್ತಿ ಬೇರೆಯಾದ ಮನೋಧರ್ಮ. ನ್ಯೂ ಬ್ರನ್ಸ್‌ವಿಕ್‌ನ ಟೊಬಿಕ್ ಸಮುದಾಯದ ಅವರು ಒಪೆರಾ ಗಾಯನ ಕಲಿತವರು. ನಿಮ್ಮ ಜನರ ಹಳೆಯ ಹಾಡುಗಳು ವಸ್ತುಸಂಗ್ರಹಾಲಯದಲ್ಲಿವೆ, ಹೋಗಿ ಕೇಳು ಎಂದು ಹಿರಿಯ ಹಾಡುಗಾರ್ತಿ ಮ್ಯಾಗಿ ಪಾಲ್ ಡಚರ್ ಅವರಿಗೆ ಹೇಳಿದರು. ಅಲ್ಲಿದ್ದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾನವಶಾಸ್ತ್ರಜ್ಞರೊಬ್ಬರು ಮೇಣದ ಕೊಳವೆಗಳ ಮೇಲೆ ಮುದ್ರಿಸಿಕೊಂಡ ದನಿಗಳು. ಡಚರ್ ಅವನ್ನು ಮತ್ತೆ ಮತ್ತೆ ಕೇಳಿ ಸ್ವರ ಬರೆದುಕೊಂಡು, ಪಿಯಾನೊ, ತಂತಿವಾದ್ಯಗಳ ಜೊತೆ ಹಾಡಿ 2018ರಲ್ಲಿ ‘ವೊಲಾಸ್ತೊಕಿಯಿಕ್ ಲಿಂತುವಾಕನಾವಾ’ ಹೊರತಂದರು. ಎಲ್ಲ ಹಾಡೂ ವೊಲಾಸ್ತೊಕೆ ಭಾಷೆಯಲ್ಲಿ, ಅದನ್ನು ಚೆನ್ನಾಗಿ ಆಡಬಲ್ಲವರು ಆಗ ಉಳಿದದ್ದು ನೂರರ ಆಸುಪಾಸು. ಕೆಲವು ಹಾಡುಗಳಲ್ಲಿ ಮೊದಲು ಮೇಣದ ಗರಗರ ಸದ್ದು, ಅದರೊಳಗಿಂದ ಶತಮಾನದ ಹಿಂದಿನ ಒಂದು ಕೊರಳು ಬರುತ್ತದೆ. ಡಚರ್ ಸ್ವಲ್ಪ ಕಾದು, ಆ ಕೊರಳಿನ ಪಕ್ಕಕ್ಕೆ ತಮ್ಮ ದನಿಯನ್ನು ಇಡುತ್ತಾರೆ. ಮುಚ್ಚಿಹಾಕುವುದಿಲ್ಲ, ಅನುಕರಿಸುವುದಿಲ್ಲ. ಇಬ್ಬರೂ ಕೂಡಿ ಹಾಡುತ್ತಾರೆ. ಲೈಟ್‌ಫುಟ್‌ನ ಮೌನದ ಕಾಡಿಗೆ ಇದಕ್ಕಿಂತ ಖಚಿತವಾದ ಉತ್ತರ ಬೇರೆ ಬೇಕಿಲ್ಲ: ರೈಲು ಬಂದ ಮೇಲೂ ಅಲ್ಲಿ ಜನ ಹಾಡುತ್ತಿದ್ದರು, ಅದಕ್ಕೆ ದಾಖಲೆಯೂ ಇತ್ತು. ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು, ಅಷ್ಟೇ.

ಉತ್ತರ ಕ್ವಿಬೆಕ್‌ನ ಸಲುಯಿಟ್‌ನ ಎಲಿಸಾಪಿ 2023ರ ‘ಇನುಕ್ತಿತುತ್’ ಆಲ್ಬಮ್ಮಿನಲ್ಲಿ ತಮ್ಮ ಬಾಲ್ಯದಲ್ಲಿ ಆ ಊರನ್ನು ತಲುಪಿದ ಪರದೇಶದ ರಾಕ್, ಪಾಪ್ ಹಾಡುಗಳನ್ನು ತಮ್ಮ ಭಾಷೆಗೆ ತಂದಿದ್ದಾರೆ. ಸಿಂಡಿ ಲಾಪರ್, ಮೆಟಾಲಿಕಾ, ಪಿಂಕ್ ಫ್ಲಾಯ್ಡ್ ಎಲ್ಲ ಅಲ್ಲಿದ್ದಾರೆ. ನಮಗೆ ಬಾಯಿಪಾಠವಾದ ಹಾಡು ಗುರುತು ಸಿಗದಷ್ಟು ನಿಧಾನವಾಗಿ, ಇನ್ನಾರದೋ ತಾಯಿಯ ದುಃಖವಾಗಿ ಬರುತ್ತದೆ. ಇಂಗ್ಲಿಷ್ ಹಾಡಿನ ಅಭ್ಯಾಸವಿರುವ ಗೆಳೆಯರಿಗೆ ಮೂಲನಿವಾಸಿ ಹಾಡಿನ ಬಾಗಿಲು ತೆರೆಯಲು ನಾನು ಇದನ್ನೇ ಕೊಡುತ್ತೇನೆ. ಟಗಾಕ್ ಅವರನ್ನು ಮೊದಲೇ ಕೇಳಿಸಿದರೆ ಬೆಚ್ಚಿ ಬೀಳುತ್ತಾರೆ.

ನಗರಗಳ ಖಾಲಿ ಜಾಗಗಳೂ ತುಂಬುತ್ತಿವೆ. ಟೊರಾಂಟೊದ ರೀಜೆಂಟ್ ಪಾರ್ಕ್ ಕೆನಡಾದ ಅತಿ ಹಳೆಯ ಸರ್ಕಾರಿ ವಸತಿ ಬಡಾವಣೆ. ಈಗ ಅದನ್ನು ಒಡೆದು ಹೊಸದಾಗಿ ಕಟ್ಟುತ್ತಿದ್ದಾರೆ. ಅಲ್ಲಿ ಬೆಳೆದ ಸುಡಾನ್ ಮೂಲದ ಮುಸ್ತಫಾ ಅವರ 2021ರ ‘ವೆನ್ ಸ್ಮೋಕ್ ರೈಸಸ್’ನಲ್ಲಿರುವುದು ಎಂಟೇ ಹಾಡು, ಒಟ್ಟು ಅರ್ಧ ಗಂಟೆಗೂ ಕಡಿಮೆ. 2018ರಲ್ಲಿ ಗುಂಡೇಟಿಗೆ ಬಲಿಯಾದ ರ‍್ಯಾಪ್ ಹಾಡುಗಾರ ಸ್ಮೋಕ್ ಡಾಗ್ ಸೇರಿ ತೀರಿಕೊಂಡ ಗೆಳೆಯರಿಗೆ ಅದು ಅರ್ಪಿತ. ಆ ಬಡಾವಣೆಯ ಹುಡುಗರಿಂದ ಜಗತ್ತು ರ‍್ಯಾಪ್ ನಿರೀಕ್ಷಿಸುತ್ತದೆ. ಮುಸ್ತಫಾ ಅಕೂಸ್ಟಿಕ್ ಗಿಟಾರ್ ಜೊತೆ, ಕೋಹೆನ್ ಮತ್ತು ಮಿಚೆಲ್‌ರ ಧಾಟಿಯಲ್ಲಿ, ಪಿಸುಮಾತಿಗಿಂತ ಸ್ವಲ್ಪ ಮೇಲಿನ ದನಿಯಲ್ಲಿ ಹಾಡುತ್ತಾರೆ. ಹಲವು ಹಾಡುಗಳು ಗೆಳೆಯರನ್ನು ಕುರಿತವು. ಒಂದು ಬದುಕಿರು ಎಂದು ಬೇಡುತ್ತದೆ, ಇನ್ನೊಂದು ಊರು ಬಿಟ್ಟು ಹೋಗು ಎಂದು ಅಂದೇ ಹೇಳಿದ್ದೆನಲ್ಲ ಎಂದು ಕೊರಗುತ್ತದೆ. ಡ್ರೇಕ್ ಟೊರಾಂಟೊದ ಹೆಸರನ್ನು ಜಗತ್ತಿನ ಮೂಲೆ ಮೂಲೆಗೆ ಮುಟ್ಟಿಸಿದ್ದು ನಿಜ, ಆದರೆ ಅವರ ಹಾಡಿನಲ್ಲಿ ಊರು ಬಹುಪಾಲು ಅವರ ಯಶಸ್ಸಿನ ಹಿನ್ನೆಲೆಯ ಪರದೆ. ಮುಸ್ತಫಾ ಅವರಲ್ಲಿ ಒಂದು ಬೀದಿಯ ತಾಯಂದಿರು ಇದ್ದಾರೆ. ಕೇಡೆನ್ಸ್ ವೆಪನ್ ಹೆಸರಿನಲ್ಲಿ ಹಾಡುವ ರಾಲಿ ಪೆಂಬರ್ಟನ್ ಒಮ್ಮೆ ಎಡ್ಮಂಟನ್ ನಗರದ ಆಸ್ಥಾನಕವಿಯಾಗಿದ್ದವರು. 2021ರ ಪೊಲಾರಿಸ್ ಗೆದ್ದ ‘ಪ್ಯಾರಲಲ್ ವರ್ಲ್ಡ್’ನಲ್ಲಿ ಅವರು ಆಫ್ರಿಕ್‌ವಿಲ್ ಅನ್ನು ಹೆಸರಿಸುತ್ತಾರೆ, ಹ್ಯಾಲಿಫ್ಯಾಕ್ಸ್ ಅಂಚಿನ ಆ ಕಪ್ಪುಜನರ ಊರನ್ನು ನಗರಾಡಳಿತ 1960ರ ದಶಕದಲ್ಲಿ ನೆಲಸಮ ಮಾಡಿತ್ತು.

ಭಾರತಕ್ಕೂ ಈ ನಕಾಶೆಯಲ್ಲಿ ಜಾಗವಿದೆ. ಬೆಂಗಳೂರಿನ ಮದುವೆಮನೆಗಳಲ್ಲಿ ಮೊಳಗುವ ಪಂಜಾಬಿ ಹಾಡುಗಳಲ್ಲಿ ಎಷ್ಟೋ ಕೆನಡಾದ ಬ್ರಾಂಪ್ಟನ್, ಸರ‍್ರೆಗಳ ಹುಡುಗರು ಕಟ್ಟಿದವು. 2024ರಲ್ಲಿ ಆ ದೇಶದ ಜೂನೊ ಸಂಗೀತ ಪ್ರಶಸ್ತಿಗಳ ಅಭಿಮಾನಿಗಳ ಆಯ್ಕೆ ಕರಣ್ ಔಜ್ಲಾ ಅವರದಾಯಿತು. ಅದೇ ಕೆನಡಾದ ರೇಡಿಯೊ ಅವರನ್ನು ಬೆಳೆಸಲಿಲ್ಲ, ಯೂಟ್ಯೂಬ್ ಬೆಳೆಸಿತು. ನನಗೆ ಇವರ ಲಯದ ಹುರುಪು ಇಷ್ಟ. ಆದರೆ ಹಾಡುಗಳ ಕಣ್ಣು ಇನ್ನೂ ಹೆಚ್ಚಾಗಿ ಬಿಟ್ಟುಬಂದ ಹೊಲದ ಮೇಲೆ, ಕೊಂಡ ಕಾರಿನ ಮೇಲೆ. ಟ್ರಕ್ ಓಡಿಸುವ, ಗೋದಾಮಿನಲ್ಲಿ ರಾತ್ರಿಪಾಳಿ ಮಾಡುವ, ನೆಲಮಾಳಿಗೆಯ ಕೋಣೆಯಲ್ಲಿ ಆರು ಮಂದಿ ಮಲಗುವ ವಿದ್ಯಾರ್ಥಿಗಳ ಬ್ರಾಂಪ್ಟನ್ ಹಾಡಾಗುವುದನ್ನು ನಾನು ಕಾಯುತ್ತಿದ್ದೇನೆ. ಸ್ಯಾಮ್ಸನ್ ವಿನಿಪೆಗ್‌ಗೆ ಮಾಡಿದ್ದನ್ನು ಆ ಊರಿಗೆ ಪಂಜಾಬಿಯಲ್ಲಿ ಮಾಡುವ ಒಬ್ಬರು ಬೇಕು.

ಇಂಥ ಹಾಡುಗಳು ಇವತ್ತು ಕೇಳುಗನಿಗೆ ಸಿಗುವುದು ಹೇಗೆ ಎಂಬುದು ದೊಡ್ಡ ಪ್ರಶ್ನೆ. 1971ರ ನಿಯಮ ರೇಡಿಯೊಗೆ ಅನ್ವಯಿಸುತ್ತಿತ್ತು, ಕೇಳುಗರು ರೇಡಿಯೊ ಬಿಟ್ಟಿದ್ದಾರೆ. 2023ರ ಏಪ್ರಿಲ್‌ನಲ್ಲಿ ಬಂದ ಆನ್‌ಲೈನ್ ಸ್ಟ್ರೀಮಿಂಗ್ ಕಾಯ್ದೆ ವಿದೇಶಿ ಸ್ಟ್ರೀಮಿಂಗ್ ಕಂಪನಿಗಳನ್ನೂ ಆಯೋಗದ ಅಡಿಗೆ ತಂದಿತು. ಮರುವರ್ಷ ಆಯೋಗ ಅವುಗಳ ಕೆನಡಾ ಆದಾಯದಲ್ಲಿ ನೂರಕ್ಕೆ 5ರಷ್ಟು ದೇಶದ ಕಲೆಗೆ ಕೊಡಬೇಕೆಂದಿತು, ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಹಣ ಬಂದರೆ ಒಳ್ಳೆಯದೇ. ಆದರೆ ಗಣಕ ಆರಿಸಿಕೊಡುವ ಪಟ್ಟಿ ಒಂದು ಹಾಡನ್ನು ಅದರಂತೆ ಸದ್ದು ಮಾಡುವ ಇನ್ನೊಂದರ ಪಕ್ಕ ಇಡುತ್ತದೆ. ಟಗಾಕ್ ಅವರಂತೆ ಸದ್ದು ಮಾಡುವ ಇನ್ನೊಬ್ಬರು ಎಲ್ಲಿದ್ದಾರೆ? ಮುಸ್ತಫಾ ಅವರ ಪಕ್ಕದಲ್ಲಿ ಮೃದು ಗಿಟಾರಿನ ನಿದ್ದೆಹಾಡುಗಳನ್ನು ಆ ಪಟ್ಟಿ ಇಟ್ಟಿದ್ದನ್ನು ಕಂಡು ನನಗೆ ಸಂಕಟವಾಗಿದೆ. ಸ್ಥಳದ ಹಾಡಿಗೆ ಸದ್ದಿನ ಹೋಲಿಕೆ ದಾರಿಯಲ್ಲ, ಕಥೆ ಬಲ್ಲ ಒಬ್ಬ ಮನುಷ್ಯ ದಾರಿ. ಆದ್ದರಿಂದ ನಾನು ಪೊಲಾರಿಸ್‌ನ ಉದ್ದಪಟ್ಟಿಯನ್ನು ಪ್ರತಿ ವರ್ಷ ಮೇಲಿನಿಂದ ಕೆಳಗೆ ಕೇಳುತ್ತೇನೆ, ವಿಶ್ವವಿದ್ಯಾಲಯಗಳ ರೇಡಿಯೊಗಳಿಗೆ ಕಿವಿ ಕೊಡುತ್ತೇನೆ. ಗೆಳೆಯರಿಗೆ ಕಳಿಸುವಾಗ ಒಮ್ಮೆಗೆ ಒಂದೇ ಹಾಡು, ಜೊತೆಗೆ ಬರಿಲ್ಕೊ ಯಾರು, ರೀಜೆಂಟ್ ಪಾರ್ಕ್ ಎಲ್ಲಿದೆ ಎಂಬ ನಾಲ್ಕು ಸಾಲು. ಹಾಡು ವಿವರಿಸುವುದಿಲ್ಲ, ಸರಿ, ಹಂಚುವವರು ವಿವರಿಸಬಹುದು.

ಡಚರ್ ತಮ್ಮ ಎರಡನೆಯ ಆಲ್ಬಂ ‘ಮೊತೆವೊಲೊನುವೊಕ್’ ಅನ್ನು 2023ರಲ್ಲಿ ತಂದರು, ಮರುವರ್ಷ ಅದಕ್ಕೂ ಪೊಲಾರಿಸ್ ಬಂತು. ಎರಡು ಸಲ ಅದನ್ನು ಗೆದ್ದ ಮೊದಲಿಗರು ಅವರು. ಇದರಲ್ಲಿ ಅವರು ಮೊದಲ ಬಾರಿಗೆ ಇಂಗ್ಲಿಷಿನಲ್ಲೂ ಹಾಡಿದ್ದಾರೆ. ವಾದ್ಯವೃಂದ ಕೆಲವೆಡೆ ಭಾರವಾಯಿತು, ಮೊದಲ ಆಲ್ಬಮ್ಮಿನ ಬಿಗಿ ಇಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಇಂಗ್ಲಿಷಿಗೆ ಬಂದದ್ದನ್ನು ಸೋಲು ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ಶಾಲೆಗಳು ತಾಯ್ನುಡಿಯನ್ನು ಕಿತ್ತುಕೊಂಡ ಮೇಲೆ ಅವರ ಜನರಲ್ಲಿ ಹೆಚ್ಚಿನವರ ಬಳಿ ಉಳಿದಿರುವುದು ಆ ಭಾಷೆಯೇ, ಮತ್ತು ಈ ಹಾಡುಗಳು ಅವರನ್ನು ಉದ್ದೇಶಿಸಿದವು. ಯಾವುದನ್ನು ಮೊದಲು ಕೇಳಬೇಕೆಂದರೆ 2018ರದ್ದನ್ನು ಕೇಳಿ, ಒಂದೇ ಪಟ್ಟಿಗೆ, ಮೊದಲಿನಿಂದ ಕೊನೆಯವರೆಗೆ. ಆಮೇಲೆ ಇದು.